ಅಳಿಯ ಅಂದರೆ ಇಂಗ್ಲಿಷಿನಲ್ಲಿ ಏನು?

ನಾನು ಒಂದು ಮದುವೆ ಮಾಡಿಸಿಬಿಟ್ಟಿದ್ದೇನೆ. ವರನಿಗೆ ಗೊತ್ತಿರಲಿಲ್ಲ. ವಧುವಿಗೆ ಗೊತ್ತಿರಲಿಲ್ಲ. ಹೆಣ್ಣು ಹೆತ್ತವರಿಗೂ ಗೊತ್ತಿರಲಿಲ್ಲ. ಚಪ್ಪರ ಹಾಕಲಿಲ್ಲ, ವಾಲಗ ಊದಲಿಲ್ಲ, ಊಟದ ಮಾತು ಕೇಳಲೇಬೇಡಿ. ಒಂದು ಹಾಳೆ, ಒಂದು ಫೌಂಟನ್ ಪೆನ್ನು, ಅಡಿಯಲ್ಲಿ ನನ್ನ ಸಹಿ. ಅಷ್ಟೇ.

ನಗಬೇಡಿ. ನಾನು ನಗುವ ಸ್ಥಿತಿಯಲ್ಲಿಲ್ಲ. ಎರಡು ವಾರದಿಂದ ಪೋಸ್ಟ್‌ಮ್ಯಾನಿನ ಸೈಕಲ್ ಬೆಲ್ ಕೇಳಿದರೆ ಸಾಕು, ಊಟ ಅರ್ಧಕ್ಕೇ ಬಿಟ್ಟು ಏಳುತ್ತೇನೆ. ಮನೆಯವಳು ಪಿತ್ತ ಎಂದು ತೀರ್ಮಾನಿಸಿ ದಿನಾ ಜೀರಿಗೆ ಕಷಾಯ ಕುಡಿಸುತ್ತಿದ್ದಾಳೆ. ಪಿತ್ತ ಅಲ್ಲ ಮಾರಾಯ್ರೆ, ಹೆದರಿಕೆ.

ನಾನು ಮೂಡಬಿದ್ರೆಯಲ್ಲಿ ಹೈಸ್ಕೂಲು ಮಾಸ್ತರ. ಇಂಗ್ಲಿಷ್ ಕಲಿಸುವವನಿಗೆ ಸಂಜೆ ಹೊತ್ತು ಇನ್ನೊಂದು ಉದ್ಯೋಗ ತಾನಾಗಿಯೇ ಅಂಟಿಕೊಳ್ಳುತ್ತದೆ. ಊರವರ ಇಂಗ್ಲಿಷ್ ಕಾಗದ ಓದುವುದು, ಬರೆಯುವುದು. ಬೊಂಬಾಯಿಯಿಂದ ಬಂದ ನೋಟೀಸು, ಕೋರ್ಟಿನ ಸಮನ್ಸು, ಔಷಧಿ ಬಾಟಲಿಯ ಮೇಲಿನ ಚೀಟಿ (ಹೌದು, ಬಾಟಲಿಯನ್ನೇ ತರುತ್ತಾರೆ). ನಾನು ಯಾರಿಗೂ ಇಲ್ಲ ಎನ್ನುವುದಿಲ್ಲ. "ಇಂಗ್ಲಿಷ್ ಅಂದರೆ ನಮ್ಮ ಮಾಷ್ಟ್ರದ್ದು" ಎಂದು ಜನ ಹೇಳುವುದನ್ನು ಕೇಳಲಿಕ್ಕೆ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ? ಆ ಜಂಬಕ್ಕೇ ಈಗ ಸರಿಯಾದ ಪೆಟ್ಟು ಬಿದ್ದದ್ದು.

ಸಿದ್ಧಕಟ್ಟೆಯಲ್ಲಿ ಕಮಲಕ್ಕ ಎಂಬವರಿದ್ದಾರೆ. (ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ನನ್ನ ತಪ್ಪನ್ನು ಮಾತ್ರ ಬದಲಿಸಿಲ್ಲ.) ಅವರ ಮಗ ವಿಶ್ವನಾಥ ನನ್ನ ಹಳೆಯ ವಿದ್ಯಾರ್ಥಿ. ಮೂರು ವರ್ಷದ ಹಿಂದೆ ಹಡಗು ಹತ್ತಿ ಆಫ್ರಿಕದ ಮೊಂಬಾಸಕ್ಕೆ ಹೋದ. ಅಲ್ಲಿ ಕಮಲಕ್ಕನ ಅಣ್ಣ ಸಂಜೀವಣ್ಣನ ಹೋಟೆಲು ಉಂಟು. ಬಂದರಿನ ಹತ್ತಿರ, ಇಡ್ಲಿ, ಬನ್ಸು, ಚಹಾ. ವಿಶ್ವ ಅದರ ಮ್ಯಾನೇಜರು. ಸಂಜೀವಣ್ಣನಿಗೆ ಮಂಡಿ ನೋವು ಶುರುವಾದ ಮೇಲೆ ಹೋಟೆಲು ನಡೆಯುವುದೇ ವಿಶ್ವನಿಂದ.

ಆದರೆ ಅವನು ಅಲ್ಲಿರುವುದು ಟೆಂಪರರಿ ಪಾಸಿನ ಮೇಲೆ. ಪಾಸಿನ ಅವಧಿ ಮುಗಿಯುತ್ತ ಬಂದ ಹಾಗೆ ಅಲ್ಲಿ ಅವನಿಗೂ ಇಲ್ಲಿ ಅವನ ತಾಯಿಗೂ ನಿದ್ರೆ ಇಲ್ಲ. ಖಾಯಂ ಇರಬೇಕಾದರೆ ಪರ್ಮನೆಂಟ್ ಪರ್ಮಿಟ್ ಬೇಕು. ಅದಕ್ಕೆ ಎರಡು ದಾರಿಯಂತೆ. ಬಂಡವಾಳ ತಂದು ಸ್ವಂತ ವ್ಯಾಪಾರ ಹೂಡುವುದು ಒಂದು. ಅದು ವಿಶ್ವನಿಂದ ಆಗುವ ಮಾತಲ್ಲ. ಇನ್ನೊಂದು, ಕೆಲಸ ಕೊಟ್ಟ ಧಣಿಯೇ 'ಈ ಮನುಷ್ಯ ನನಗೆ ಬೇಕು, ಇವನ ಜವಾಬ್ದಾರಿ ನನ್ನದು' ಎಂದು ಬರೆದುಕೊಟ್ಟು ಜಾಮೀನು ನಿಲ್ಲುವುದು. ಸಂಜೀವಣ್ಣ ನಿಂತರು. ಅರ್ಜಿಯಲ್ಲಿ ಸಂಬಂಧ ಕೇಳಿದ ಕಡೆ 'ನೆಫ್ಯೂ', ಅಂದರೆ ತಂಗಿಯ ಮಗ ಎಂದು ಸರಿಯಾಗಿಯೇ ಬರೆದರು. ಅದಕ್ಕೆ ಊರಿನ ಒಂದು ಸರ್ಟಿಫಿಕೇಟು ಲಗತ್ತಿಸಬೇಕಿತ್ತು.

ಇನ್ನು ಮುಂದೆ ಸ್ವಲ್ಪ ನಿಧಾನ ಓದಿ. ನನ್ನ ಮರ್ಯಾದೆ ಹೋದದ್ದು ಇಲ್ಲಿಯೇ.

ಕಮಲಕ್ಕ ಪಟೇಲರ ಹತ್ತಿರ ಹೋದರು. ಪಟೇಲರು ತುಳುವಿನಲ್ಲಿ "ಇವ ಸಂಜೀವಣ್ಣನ ಅರ್ವತ್ತೆ" ಎಂದು ಹೇಳಿ ಬರೆಸಿದರು. ತುಳುವಿನಲ್ಲಿ ಅರ್ವತ್ತೆ ಎಂದರೆ ಅಕ್ಕನದ್ದೋ ತಂಗಿಯದ್ದೋ ಮಗ, ಗೊಂದಲವೇ ಇಲ್ಲ. ಶಾನುಭಾಗರು ಅದನ್ನು ಕನ್ನಡದಲ್ಲಿ 'ಅಳಿಯ' ಎಂದು ಬರೆದರು. ಅದೂ ತಪ್ಪಲ್ಲ. ಕನ್ನಡದಲ್ಲಿ ತಂಗಿಯ ಮಗನೂ ಅಳಿಯನೇ, ಮಗಳ ಗಂಡನೂ ಅಳಿಯನೇ. ಆ ಕಾಗದ ಇಂಗ್ಲಿಷ್ ಆಗುವುದಕ್ಕೆ ನನ್ನ ಮೇಜಿಗೆ ಬಂತು. ನಾನು 'ಸನ್-ಇನ್-ಲಾ' ಎಂದು ಬರೆದೆ.

ಮಗಳ ಗಂಡ! ತುಳುವಿನಲ್ಲಿ ತಂಗಿಯ ಮಗನಾಗಿ ಹೊರಟವನು ಇಂಗ್ಲಿಷಿಗೆ ತಲುಪುವಾಗ ಮದುಮಗನಾಗಿದ್ದ.

ಹೇಗೆ ಬರೆದೆ? ಕೇಳಿ. ಆ ವಾರ ದೀಪಾವಳಿ. ನನ್ನ ಮಗಳ ಮದುವೆಯಾದ ಮೊದಲ ವರ್ಷ. ಹೊಸ ಅಳಿಯ ಮನೆಗೆ ಬಂದಿದ್ದ. ಬೆಳಗಿನಿಂದ ಮನೆಯಲ್ಲಿ ಅದೊಂದೇ ಜಪ. 'ಅಳಿಯನಿಗೆ ಬಿಸಿನೀರು ಕಾದಿದೆಯೋ?' 'ಅಳಿಯನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ.' 'ಅಳಿಯ ಮಲಗಿದ್ದಾರೆ, ಮೆಲ್ಲ ಮಾತಾಡಿ.' ಮೇಲಿಂದ ನಮ್ಮದು ಮಕ್ಕಳಕಟ್ಟಿನ ಮನೆ, ಆಸ್ತಿ ಮಕ್ಕಳಿಗೆ. ನಮ್ಮಲ್ಲಿ ಅಳಿಯ ಎಂದರೆ ಮಗಳ ಗಂಡ, ತೀರಿತು. ಕಮಲಕ್ಕನದ್ದು ಅಳಿಯಕಟ್ಟು. ಅಲ್ಲಿ ಸೋದರಮಾವನೇ ಮನೆಯ ಯಜಮಾನ, ಹಕ್ಕೆಲ್ಲ ಸಹೋದರಿಯ ಮಕ್ಕಳಿಗೆ. ಅವರ ಅಳಿಯ ಬೇರೆ, ನಮ್ಮ ಅಳಿಯ ಬೇರೆ. ಇಪ್ಪತ್ತು ವರ್ಷ ಇದೇ ತಾಲೂಕುಗಳ ಮಕ್ಕಳಿಗೆ ಪಾಠ ಹೇಳಿದವನಿಗೆ ಅಷ್ಟು ತೋಚಬೇಡವೇ? ತೋಚಲಿಲ್ಲ. ಬರೆದೆ. 'ಸರಿಯಾದ ತರ್ಜುಮೆ' ಎಂದು ಒಪ್ಪಿ ಸಹಿ ಬೇರೆ ಹಾಕಿದೆ.

ಎರಡು ವಾರದ ಹಿಂದೆ ಮೊಂಬಾಸದಿಂದ ಕವರು ಬಂತು. ಇಂಗ್ಲಿಷ್ ಕಾಗದಗಳು ನನ್ನ ವಿಳಾಸಕ್ಕೇ ಬರಲಿ ಎಂದು ಮೊದಲೇ ಮಾತಾಗಿತ್ತು. ಬಿಡಿಸಿದೆ. ಅಲ್ಲಿನ ಆಫೀಸಿನ ಕಾಗದದ ನಕಲು. ಸಾರಾಂಶ ಇಷ್ಟು: ಧಣಿಯ ಅರ್ಜಿಯಲ್ಲಿ ಈತ ತಂಗಿಯ ಮಗ. ಊರಿನ ಸರ್ಟಿಫಿಕೇಟಿನಲ್ಲಿ ಮಗಳ ಗಂಡ. ಶಾಲೆಯ ಸರ್ಟಿಫಿಕೇಟಿನಲ್ಲಿ ತಂದೆಯ ಜಾಗದಲ್ಲಿ ಅದೇ ಧಣಿಯ ಹೆಸರು. ಈತ ನಿಜವಾಗಿ ಯಾರು?

(ಶಾಲೆಯದ್ದು ಯಾರ ತಪ್ಪೂ ಅಲ್ಲ. 'ತಂದೆ ಅಥವಾ ಪೋಷಕ' ಎಂಬಲ್ಲಿ ಮಾವನ ಹೆಸರಿತ್ತು. ಅಳಿಯಕಟ್ಟಿನ ಮನೆ, ಶಾಲೆಗೆ ಸೇರಿಸಿದ್ದೇ ಮಾವ. ಇನ್ಯಾರ ಹೆಸರು ಬರೆಯಬೇಕಿತ್ತು?)

ಒಬ್ಬನೇ ಮನುಷ್ಯ, ಮೂರು ಸಂಬಂಧ. ಬೇರೆಯವರ ಮನೆಯ ಕಥೆಯಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ಕೆಳಗೆ ಇನ್ನೆರಡು ಸಾಲು ಇತ್ತು. ಆರು ವಾರದೊಳಗೆ ಸಮರ್ಪಕ ಉತ್ತರ ಬಾರದಿದ್ದರೆ ಅರ್ಜಿ ವಜಾ, ಪಾಸಿನ ಅವಧಿ ಮುಗಿದ ಕೂಡಲೇ ಅರ್ಜಿದಾರ ದೇಶ ಬಿಡತಕ್ಕದ್ದು. ಸುಳ್ಳು ವಿವರ ಕೊಟ್ಟದ್ದೆಂದು ಕಂಡುಬಂದರೆ ಜಾಮೀನು ನಿಂತವನ ಮೇಲೂ ಕ್ರಮ.

ವಿಶ್ವ ಬಂದರಿನಲ್ಲಿ ಟ್ರಂಕು ಹಿಡಿದು ನಿಂತದ್ದು, ಸಂಜೀವಣ್ಣನ ಹೋಟೆಲಿನ ಬಾಗಿಲು ಹಾಕಿದ್ದು, ಎಲ್ಲ ಕಣ್ಣೆದುರು ಬಂತು. ಕಾಗದದ ಅಂಚಿನಲ್ಲಿ ಸಂಜೀವಣ್ಣ ಕನ್ನಡದಲ್ಲಿ ಗೀಚಿದ್ದರು. 'ಮಾಷ್ಟ್ರೇ, ಎಂತದೋ ಸಂಬಂಧ ಕೇಳಿದ್ದಾರೆ. ನೀವು ಸರಿ ಮಾಡಿ ಕಳಿಸಿ. ಹೆದರಿಕೆ ಆಗ್ತದೆ.' ನನ್ನ ಮೇಲೆ ಅವರಿಗೆ ಎಷ್ಟು ನಂಬಿಕೆ ನೋಡಿ!

ಮರುದಿನ ಕಮಲಕ್ಕನಿಗೆ ಹೇಳಿಕಳಿಸಿದೆ. ಬೆಳಗಿನ ಬಸ್ಸಿಗೇ ಬಂದರು. ಜಗಲಿಯ ತುದಿಯಲ್ಲಿ ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೇಳಿದರು. (ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ. ಈ ಸಲ ಅರ್ಥ ಸರಿ ಇದೆ.)

"ಎಂತ ಬರೆದಿದ್ದಾರೆ ಮಾಷ್ಟ್ರೇ? ಆಯ್ತಂತೆಯಾ?"

"ಸಣ್ಣ ವಿವರ ಕೇಳಿದ್ದಾರೆ ಕಮಲಕ್ಕ. ಸಂಬಂಧ ಯಾವುದು ಅಂತ."

"ಸಂಬಂಧವಾ? ಅರ್ವತ್ತೆ ಅಲ್ವಾ? ಪಟೇಲರು ಬರೆದುಕೊಟ್ಟಿದ್ದಾರಲ್ಲ?"

ಆಗಲೇ ಹೇಳಬೇಕಿತ್ತು. 'ಪಟೇಲರು ಸರಿ, ಶಾನುಭಾಗರು ಸರಿ, ತಪ್ಪಿದವ ನಾನು' ಎಂದು ಒಂದು ವಾಕ್ಯ. ಬದಲಿಗೆ ಏನು ಹೇಳಿದೆ ಗೊತ್ತೇ? "ಕಾಗದಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವಂತೆ. ಒಂದರಲ್ಲಿ ಮಗಳ ಗಂಡ ಅಂತ ಆಗಿಬಿಟ್ಟಿದೆ." ಆಗಿಬಿಟ್ಟಿದೆ! ತಾನಾಗಿಯೇ ಆದ ಹಾಗೆ! ವ್ಯಾಕರಣ ಕಲಿಸುವವನಿಗೆ ಕರ್ತೃವನ್ನು ಅಡಗಿಸುವುದು ಕಷ್ಟವೇ?

ಕಮಲಕ್ಕ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದರು. ಆಮೇಲೆ, "ಅವನನ್ನು ಹಡಗು ಹತ್ತಿಸ್ತಾರಾ?" ಎಂದರು.

"ಉತ್ತರ ಸರಿ ಇದ್ದರೆ ಇಲ್ಲ."

"ಬಂದರೆ ಇಲ್ಲಿ ಎಂತ ಮಾಡ್ತಾನೆ ಮಾಷ್ಟ್ರೇ? ಇಬ್ಬರು ತಂಗಿಯಂದಿರು ಉಂಟು ಅವನಿಗೆ. ನಮಗೆ ಅವನೇ ಅಲ್ವಾ?" ಅಷ್ಟು ಹೇಳಿ ಎದ್ದರು. ಚಹಾ ಹಾಗೆಯೇ ಉಳಿಯಿತು.

ನಾಲ್ಕನೇ ದಿನ ಮತ್ತೆ ಬಂದರು. ಈ ಸಲ ಮುಖದಲ್ಲಿ ಒಂದು ಗೆಲುವು ಇತ್ತು. ಅದನ್ನು ನೋಡಿಯೇ ನನಗೆ ಭಯವಾಗಬೇಕಿತ್ತು.

"ಮಾಷ್ಟ್ರೇ, ನಾನು ಎಲ್ಲ ಯೋಚನೆ ಮಾಡಿದ್ದೇನೆ. ಮಗಳ ಗಂಡ ಅಂತ ಬಿದ್ದಿದೆಯಲ್ಲ? ಬಿದ್ದದ್ದು ಹಾಗೆಯೇ ಇರಲಿ. ಅದನ್ನೇ ಸತ್ಯ ಮಾಡುವ."

ಅರ್ಥವಾಗಲಿಲ್ಲ. ವಿವರಿಸಿದರು. ಸಂಜೀವಣ್ಣನಿಗೆ ಒಬ್ಬಳೇ ಮಗಳು, ರತ್ನಾವತಿ. ನಾರಾವಿಯಲ್ಲಿ ತಾಯಿಯ ಮನೆಯಲ್ಲಿದ್ದಾಳೆ, ಅಲ್ಲಿಯೇ ಎಲಿಮೆಂಟರಿ ಶಾಲೆಯಲ್ಲಿ ಟೀಚರು. ವಿಶ್ವನಿಗೆ ಮಾವನ ಮಗಳು, ಬೇಕಾದ ಸಂಬಂಧ. ಎಂದಾದರೂ ಕೇಳುವ ಎಂದು ದೊಡ್ಡವರು ಮಾತಾಡಿಕೊಂಡದ್ದೂ ಉಂಟು. ವಿಶ್ವ ಆಫ್ರಿಕಕ್ಕೆ ಹೋಗುವ ಮೊದಲೇ ಇಬ್ಬರ ಮದುವೆ ಆಗಿದೆ ಎಂದು ಪಟೇಲರ ಕೈಯಿಂದ ಒಂದು ಕಾಗದ ಬರೆಸುವುದು. ರತ್ನ 'ಹೌದು, ನಾನು ಹೆಂಡತಿ' ಎಂದು ಸಹಿ ಹಾಕುವುದು. ನಾನು ಇಂಗ್ಲಿಷ್ ಮಾಡುವುದು. ನಿಜವಾದ ಮದುವೆ ವಿಶ್ವ ರಜೆಯಲ್ಲಿ ಬಂದಾಗ.

"ಹೆಂಡತಿ ನಾರಾವಿಯಲ್ಲೇ ಯಾಕೆ ಇದ್ದಾಳೆ ಅಂತ ಕೇಳಿದರೆ?"

"ನಮ್ಮಲ್ಲಿ ಮದುವೆಯಾದ ಹೆಂಗಸು ತಾಯಿಯ ಮನೆಯಲ್ಲಿರುವುದು ಹೊಸತಾ ಮಾಷ್ಟ್ರೇ? ಯಾರು ಬಂದು ವಿಚಾರಿಸಿದರೂ ಸಂಶಯ ಬರಲಿಕ್ಕಿಲ್ಲ."

ಹೌದಲ್ಲ! ಒಂದು ಊರಿನ ಪದ್ಧತಿ ಒಂದು ಸುಳ್ಳಿಗೆ ಇಷ್ಟು ಅಳತೆಯಾಗಿ ಕೂರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮತ್ತೆ ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಅದನ್ನು ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಕಮಲಕ್ಕ ಹೇಳಿದ್ದು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು. ಹಾಗಾದರೆ ನನ್ನ ತಪ್ಪು ತಪ್ಪೇ ಅಲ್ಲವಲ್ಲ! 'ಸನ್-ಇನ್-ಲಾ' ಸರಿಯಾಗುತ್ತದೆ. ಯಾರಿಗೂ ಏನೂ ಹೇಳುವುದು ಬೇಡ. "ನೋಡುವ" ಎಂದೆ. ಅವರು ಹೋದ ಮೇಲೆ ಇಂಗ್ಲಿಷಿನಲ್ಲಿ ಡ್ರಾಫ್ಟು ಕೂಡ ಬರೆದೆ. ಒಳ್ಳೆಯ ಡ್ರಾಫ್ಟು, ಒಂದು ಚಿತ್ತು ಇಲ್ಲ. ಸುಳ್ಳು ಬರೆಯುವಾಗ ನನ್ನ ಅಕ್ಷರ ಇಷ್ಟು ದುಂಡಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಮೊನ್ನೆ ಶನಿವಾರ ಮಧ್ಯಾಹ್ನ ಊಟ ಮಾಡಿ ಎದ್ದಿದ್ದೆ. ಅಂಗಳದಲ್ಲಿ ಕೊಡೆ ಮಡಚುತ್ತಾ ಒಬ್ಬಳು ನಿಂತಿದ್ದಳು. ರತ್ನಾವತಿ. ಅರ್ಧ ದಿನದ ಶಾಲೆ ಮುಗಿಸಿ ನೇರ ನಾರಾವಿಯಿಂದ ಬಸ್ಸು ಹತ್ತಿದ್ದಾಳೆ. ಅವಳೂ ನನ್ನ ವಿದ್ಯಾರ್ಥಿನಿ. ಕ್ಲಾಸಿನಲ್ಲಿ ಎರಡನೇ ಬೆಂಚು, ಪ್ರಶ್ನೆ ಕೇಳುವ ಜಾತಿ.

ಕೂರಲು ಹೇಳಿದೆ. ಕೂರಲಿಲ್ಲ.

"ಮಾಷ್ಟ್ರೇ, ಅತ್ತೆ ನಿನ್ನೆ ಮನೆಗೆ ಬಂದಿದ್ದರು. ನಾನು ಒಂದು ಕಾಗದಕ್ಕೆ ಸಹಿ ಹಾಕಬೇಕಂತೆ. ಹಾಕದಿದ್ದರೆ ವಿಶ್ವಬಾವನನ್ನು ಹಡಗಿನಲ್ಲಿ ವಾಪಸು ಕಳಿಸ್ತಾರಂತೆ, ಅಪ್ಪನ ಹೋಟೆಲೂ ಹೋಗ್ತದಂತೆ. ಅಮ್ಮ ನಿನ್ನೆಯಿಂದ ಅಳ್ತಾ ಇದ್ದಾರೆ. ಹೌದಾ?"

"ಹಾಗೆ ಆಗುವ ಸಾಧ್ಯತೆ ಉಂಟು."

"ಸಹಿ ಹಾಕಿದರೆ?"

ನಾನು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದೆ. ಅವಳೇ ಹೇಳಿದಳು.

"ಬಾವ ಒಳ್ಳೆಯವರು. ನಾನು ಇಲ್ಲ ಅಂತ ಹೇಳುವುದಿಲ್ಲ. ಆದರೆ ಅವರು ಹೋಗುವಾಗ ನಾನು ಟ್ರೈನಿಂಗಿನಲ್ಲಿದ್ದೆ, ಮಾತಾಡಿ ಮೂರು ವರ್ಷ ಆಯ್ತು. ನಾಳೆ ಅವರಿಗೆ ನಾನು ಬೇಡ ಅಂತ ಆದರೆ? ನನಗೇ ಬೇರೆ ಕಡೆ ಮನಸ್ಸಾದರೆ? ಆಗದ ಮದುವೆಗೆ ಸೋಡಚೀಟಿ ಕೊಟ್ಟು ಬಿಡಿಸಿಕೊಳ್ಳುವುದು ಹೇಗೆ ಮಾಷ್ಟ್ರೇ? ನನಗೆ ತುಂಬ ಹೆದರಿಕೆ ಆಗ್ತದೆ. ಅದಕ್ಕೇ ಯಾರಿಗೂ ಹೇಳದೆ ಬಂದೆ."

ಕೊಡೆಯನ್ನು ಗೋಡೆಗೆ ಒರಗಿಸಿ ಕೇಳಿದಳು. "ಪಟೇಲರ ಕಾಗದದಲ್ಲಿ 'ಅಳಿಯ' ಅಂತ ಇತ್ತಂತೆ. ನೀವು ಇಂಗ್ಲಿಷಿನಲ್ಲಿ ಎಂತ ಬರೆದದ್ದು?"

ನನ್ನ ತರ್ಜುಮೆಯ ನಕಲು ಮೇಜಿನ ಮೇಲೆಯೇ ಇತ್ತು. ಕೊಟ್ಟೆ. ಓದಿದಳು. ನನ್ನ ಮುಖ ನೋಡಿದಳು. ಮತ್ತೆ ಓದಿದಳು.

"ಅಳಿಯ ಅಂದರೆ ಎರಡುಂಟು, ಇಂಗ್ಲಿಷ್ ಮಾಡುವಾಗ ಯಾವುದು ಅಂತ ಕೇಳಿಕೊಂಡು ಬರೆಯಬೇಕು, ಅಂತ ನೀವೇ ಅಲ್ವಾ ಹೇಳಿಕೊಟ್ಟದ್ದು? ನನ್ನ ನೋಟ್ಸಿನಲ್ಲಿ ಈಗಲೂ ಉಂಟು."

ಅಯ್ಯೋ ದೇವರೇ! ನನ್ನ ಪಾಠವನ್ನು ನೆನಪಿಟ್ಟುಕೊಂಡವಳು ಒಬ್ಬಳಾದರೂ ಇದ್ದಾಳೆ ಎಂದು ಹೆಮ್ಮೆಪಡಲೇ, ಬಾವಿಗೆ ಹಾರಲೇ? ಕೂತೇಬಿಟ್ಟೆ. "ತಪ್ಪಾಯಿತು ಮಗಾ. ನಾನೇ ಬರೆದದ್ದು. ಯಾರಿಗೂ ಹೇಳಿಲ್ಲ. ಹೇಳಲಿಕ್ಕೆ ಧೈರ್ಯ ಬರಲಿಲ್ಲ" ಎಂದೆ.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಆಗ ಬೆಂಚಿನ ಮೇಲೆ ಕೂತಳು. "ಹಾಗಾದರೆ ಇದು ತಪ್ಪು. ಸುಳ್ಳು ಅಲ್ಲ. ತಪ್ಪನ್ನು ತಪ್ಪು ಅಂತ ಬರೆದು ಕಳಿಸಲಿಕ್ಕೆ ಆಗುವುದಿಲ್ಲವಾ? ನಾವು ಯಾಕೆ ಅದನ್ನು ಸುಳ್ಳು ಮಾಡುವುದು?"

"ಅವರು ನಂಬದಿದ್ದರೆ? ಸುಳ್ಳು ಹಿಡಿದ ಮೇಲೆ ಕಥೆ ಕಟ್ಟುತ್ತಿದ್ದಾರೆ ಅಂತ ಎಣಿಸಿದರೆ? ವಿಶ್ವನ ಗತಿ?"

"ನಂಬದಿರಬಹುದು" ಎಂದಳು. ಅವಳ ಕಣ್ಣಲ್ಲಿ ನೀರು ಬಂತು. "ಬಾವ ವಾಪಸು ಬಂದರೆ ಎಲ್ಲರೂ ನನ್ನನ್ನೇ ಹೇಳುವುದು, ಒಂದು ಸಹಿ ಹಾಕಲಿಲ್ಲ ಅಂತ. ನೀವು ಹೇಳಿ, ಹಾಕಬೇಕಾ? ನೀವು ಹಾಕು ಅಂದರೆ ಹಾಕ್ತೇನೆ."

ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ನನಗೆ ಯಾರ ಮಾತೂ ಇಷ್ಟು ಭಯ ಹುಟ್ಟಿಸಿದ್ದಿಲ್ಲ. ಹಾಕು ಎಂದರೆ ಹಾಕುತ್ತಾಳೆ! ನನ್ನ ಒಂದು ಪದದ ಮಾನ ಉಳಿಯಲು ಇಪ್ಪತ್ತೆರಡು ವರ್ಷದ ಹೆಣ್ಣುಮಗಳು ಹೆಂಡತಿಯಾಗಲು ತಯಾರಿದ್ದಾಳೆ. ನನ್ನ ಸ್ವಂತ ಮಗಳ ವಯಸ್ಸು. ಅವಳ ಮದುವೆಗೆ ನಾನು ಎಷ್ಟು ಜಾತಕ ನೋಡಿದೆ, ಎಷ್ಟು ಜನರನ್ನು ವಿಚಾರಿಸಿದೆ. ಇವಳದ್ದನ್ನು ಡಿಕ್ಷನರಿಯನ್ನೂ ನೋಡದೆ ಮುಗಿಸಿದ್ದೆ.

"ಹಾಕಬೇಡ" ಎಂದೆ. ಆ ದುಂಡಗಿನ ಡ್ರಾಫ್ಟನ್ನು ಅವಳೆದುರಿಗೇ ಹರಿದೆ.

ಭಾನುವಾರ ಇಡೀ ದಿನ ಕೂತು ಹೊಸ ಕಾಗದ ಬರೆದೆ. ನಾಲ್ಕು ಪುಟ. ನಮ್ಮ ಜಿಲ್ಲೆಯಲ್ಲಿ ಕೆಲವು ಮನೆಗಳಲ್ಲಿ ಅಪ್ಪನಿಂದ ಮಗನಿಗಲ್ಲ, ಮಾವನಿಂದ ಸಹೋದರಿಯ ಮಗನಿಗೆ ಹಕ್ಕು ಹೋಗುತ್ತದೆ. ಹಾಗಾಗಿ ಶಾಲೆಯಲ್ಲಿ ಮಾವನ ಹೆಸರು. ನಮ್ಮ ಕನ್ನಡದಲ್ಲಿ ಎರಡು ಸಂಬಂಧಕ್ಕೆ ಒಂದೇ ಪದ. ಹಾಗಾಗಿ ತರ್ಜುಮೆಯಲ್ಲಿ ತಪ್ಪು. ತಪ್ಪು ಮಾಡಿದವನು ನಾನು. ಅರ್ಜಿದಾರನಾಗಲಿ ಧಣಿಯಾಗಲಿ ಸುಳ್ಳು ಹೇಳಿಲ್ಲ. ಶಿಕ್ಷೆ ಇದ್ದರೆ ನನಗೆ ಇರಲಿ. ಇದನ್ನೆಲ್ಲ ಎಂದೂ ಮೂಡಬಿದ್ರೆ ಕಾಣದ ಒಬ್ಬ ಬಿಳಿ ಆಫೀಸರನಿಗೆ ಅರ್ಥಮಾಡಿಸುವುದು ಹೇಗೆ? ಅವನ ಫಾರಮಿನಲ್ಲಿ ಸಂಬಂಧಕ್ಕೆ ಬಿಟ್ಟಿರುವುದು ಒಂದು ಗೆರೆ. ನಮ್ಮ ಮನೆಗಳ ಕಥೆ ಅದರಲ್ಲಿ ಹಿಡಿಸುತ್ತದೆಯೇ? ಈ ಸಲ ಅಕ್ಷರ ಕೋಳಿ ಕೆದರಿದ ಹಾಗೆ ಬಂತು. ಮರುದಿನ ರಜೆ ಹಾಕಿ ಬಂಟ್ವಾಳಕ್ಕೆ ಹೋಗಿ ಟೈಪು ಮಾಡಿಸಬೇಕಾಯಿತು.

ಅಲ್ಲಿಂದ ನೇರ ಸಿದ್ಧಕಟ್ಟೆಗೆ ಹೋದೆ. ಪಟೇಲರಿಂದ 'ತಂಗಿಯ ಮಗ' ಎಂದು ಬಿಡಿಸಿ ಬರೆದ ಹೊಸ ಸರ್ಟಿಫಿಕೇಟು ಬೇಕಿತ್ತು. ಅದಕ್ಕಿಂತ ಮೊದಲು ಕಮಲಕ್ಕನಿಗೆ ಹೇಳಬೇಕಿತ್ತು. ಗದ್ದೆಯ ಬದುವಿನಲ್ಲಿ ನಡೆಯುವಾಗ ಎರಡು ಸಲ ಹಿಂದೆ ತಿರುಗಿದೆ. ವಾಪಸು ಹೋಗುವ, ಕಾಗದ ಬರೆದು ತಿಳಿಸುವ ಎಂದು ಮನಸ್ಸು ಹೇಳಿತು. (ಕಾಗದ! ಮತ್ತೆ ಕಾಗದ!)

ಕಮಲಕ್ಕ ಭತ್ತ ಒಣಗಲು ಹರಡುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ದೀಪಾವಳಿ, ನನ್ನ ಅಳಿಯ, ನನ್ನ ಸಹಿ. ಅವತ್ತು ಜಗಲಿಯಲ್ಲಿ 'ಆಗಿಬಿಟ್ಟಿದೆ' ಎಂದು ಹೇಳಿದ್ದು. ರತ್ನ ಬಂದದ್ದು. ಡ್ರಾಫ್ಟು ಹರಿದದ್ದು.

ಅವರ ಕೈ ಭತ್ತದ ಮೇಲೆಯೇ ನಿಂತಿತು.

"ನನ್ನ ಮಗನನ್ನು ಈ ಸ್ಥಿತಿಗೆ ತಂದದ್ದು ನೀವಾ ಮಾಷ್ಟ್ರೇ?"

"ಹೌದು."

"ಅವತ್ತು ನಾನು ನಿಮ್ಮ ಜಗಲಿಯಲ್ಲಿ ಕೂತು ಕೇಳುವಾಗ ನಿಮಗೆ ಗೊತ್ತಿತ್ತು?"

"ಗೊತ್ತಿತ್ತು."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಎದ್ದು ಒಳಗೆ ಹೋದರು. ಬಿಸಿಲಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಹೊರಗೆ ಬಂದಾಗ ಸೀರೆ ಬದಲಿಸಿದ್ದರು, ಕೈಯಲ್ಲಿ ಕೊಡೆ ಇತ್ತು. "ಪಟೇಲರು ಊಟಕ್ಕೆ ಕೂರುವ ಮೊದಲು ಹೋಗುವ" ಎಂದರು. ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಪಟೇಲರ ಮನೆಯಲ್ಲಿ ಶಾನುಭಾಗರ ಎದುರಿಗೆ ಬಂದು ಕೂತು, "ಅಳಿಯ ಅಂತ ಬರೆಯಬೇಡಿ. ಕಮಲನ ಮಗ, ಕಮಲ ಸಂಜೀವನ ತಂಗಿ, ಹಾಗೆ ಬರೆಯಿರಿ" ಎಂದು ಎರಡು ಸಲ ಹೇಳಿದರು. ಅದನ್ನು ಇಂಗ್ಲಿಷ್ ಮಾಡುವಾಗ ನಾನು ಒಂದೊಂದು ಪದವನ್ನೂ ಬೆರಳಿಟ್ಟು ಓದಿ ತುಳುವಿನಲ್ಲಿ ಅರ್ಥ ಹೇಳಿದೆ. ಅವರು ಒಂದೊಂದಕ್ಕೂ ತಲೆ ಆಡಿಸಿದರು.

ಕವರನ್ನು ಏರ್ ಮೇಲಿನಲ್ಲಿ ಹಾಕಿ ಬಂದೆವು. ಹೋಗಲು ಹತ್ತು ದಿನ, ಬರಲು ಹತ್ತು ದಿನ. ನಡುವೆ ಆ ಆಫೀಸರನ ಮನಸ್ಸು. 'ಸರಿ' ಎನ್ನುತ್ತಾನೋ, 'ನಂಬುವುದಿಲ್ಲ' ಎನ್ನುತ್ತಾನೋ, ದೇವರಿಗೇ ಗೊತ್ತು. ಕ್ಲಾಸಿನಲ್ಲಿ ನಿಂತು ಮಕ್ಕಳಿಗೆ ಒಂದು ಪದದ ಅರ್ಥ ಹೇಳುವಾಗಲೂ ಈಗ ಎರಡು ಸಲ ಯೋಚಿಸುತ್ತೇನೆ. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ.

ಅವತ್ತು ಕವರು ಹಾಕಿ ಪೋಸ್ಟಾಫೀಸಿನ ಮೆಟ್ಟಿಲು ಇಳಿಯುವಾಗ ಕಮಲಕ್ಕ ನಿಂತರು. ಆ ದಿನ ಮೊದಲ ಬಾರಿ ನನ್ನ ಮುಖ ನೋಡಿ ಕೇಳಿದರು:

"ಮಾಷ್ಟ್ರೇ, 'ತಪ್ಪಾಯಿತು' ಅನ್ನುವುದನ್ನಾದರೂ ಇಂಗ್ಲಿಷಿನಲ್ಲಿ ಸರಿಯಾಗಿ ಬರೆದಿದ್ದೀರಲ್ಲ?"